ಸತ್ಕಾರ ಸಮಿತಿ ಮತ್ತು ಮೃಣಾಲಳ ಉಸುಕು

ಮಿರಜ ತಾಲೂಕಿನ ಕನ್ನಡದೂರು ಆರಗದ ಮೃಣಾಲ ಉದ್ದಜಿಗಿತದಲ್ಲಿ ಮಹಾರಾಷ್ಟ್ರ ಚಾಂಪಿಯನ್ ಆಗಿ ಬಂದ ದಿನವೇ ಅವಳ ಕಷ್ಟಕಾಲ ಶುರುವಾಯಿತು. ಅಲ್ಲಿಯವರೆಗೆ ಹುಡುಗಿ ಆರಾಮಾಗಿದ್ದಳು. ಚಡ್ಡಿ ಹಾಕಿಕೊಂಡು ಹೊಲದಲ್ಲಿ ಓಡುತ್ತಾಳೆಂದು ಊರು ಮೂಗು ಮುರಿಯುತ್ತಿತ್ತು, ಅಷ್ಟೇ. ಮೂಗು ಮುರಿಯುವವರು ಅಭ್ಯಾಸಕ್ಕೆ ಅಡ್ಡ ಬರುವುದಿಲ್ಲ. ಅಭಿಮಾನಿಗಳು ಬರುತ್ತಾರೆ.

ಮಿರಜಿನಲ್ಲಿ ಸಿಮೆಂಟ್ ಅಂಗಡಿ ಇಟ್ಟಿರುವ ಇದೇ ಊರಿನ ಗುರುಸಿದ್ಧಪ್ಪನವರು, ಮಗಳ ಮದುವೆ ಮಾಡಿ ಮುಗಿಸು ಎಂದು ಅವಳ ಅಪ್ಪ ಪಾರಿಸನಿಗೆ ವರ್ಷಗಟ್ಟಲೆ ಉಪದೇಶ ಮಾಡಿದವರು. ಪದಕ ಬಂದ ಮರುದಿನ ಅವರೇ ಸತ್ಕಾರ ಸಮಿತಿಯ ಅಧ್ಯಕ್ಷರಾದರು. ಫ್ಲೆಕ್ಸಿನಲ್ಲಿ ಅವರ ಮುಖ ದೊಡ್ಡದು, ಮೃಣಾಲಳದು ಮೂಲೆಯಲ್ಲಿ ಅಂಚೆಚೀಟಿಯಷ್ಟು. ಸಾಂಗಲಿ, ಮಿರಜ, ಸಮಡೋಳಿ ಎಂದು ದಿನಕ್ಕೊಂದು ಕಡೆ ಅವಳಿಗೆ ಶಾಲು, ತೆಂಗಿನಕಾಯಿ. ಅವಳದು ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ. ಸತ್ಕಾರದ ಊಟವೋ, ಭಾಷಣಗಳೆಲ್ಲ ಮುಗಿದು ಎಲೆ ಹಾಕುವಷ್ಟರಲ್ಲಿ ರಾತ್ರಿ. ಚಾಂಪಿಯನ್ ಶಾಲು ಹೊದ್ದುಕೊಂಡು ಹಸಿದ ಹೊಟ್ಟೆಯಲ್ಲಿ ಮನೆಗೆ ಬರುತ್ತಿದ್ದಳು. ಭಾರತ ತಂಡದ ಆಯ್ಕೆಗೆ ಮೂರೇ ವಾರ ಉಳಿದಿದೆ ಎಂಬ ಮಾತು ಯಾವ ಭಾಷಣದಲ್ಲೂ ಬರಲಿಲ್ಲ.

ಆಮೇಲೆ ಊರ ಬಾಗಿಲಿಗೆ ಮೃಣಾಲಳ ಹೆಸರಿನ ಸ್ವಾಗತ ಕಮಾನು ಕಟ್ಟುವ ಹುಕಿ ಸಮಿತಿಗೆ ಬಂತು. ಕಮಾನು ಎದ್ದಿತು, ಪ್ಲಾಸ್ಟರಿಗೆ ಉಸುಕಿಲ್ಲ. ಹೊಳೆಯ ಮರಳು ತೆಗೆಯುವುದನ್ನು ಸರ್ಕಾರ ಬಂದ್ ಮಾಡಿತ್ತು. "ತಾಲೂಕೆಲ್ಲಾ ಹುಡುಕಿದ್ರೂ ಬೊಗಸಿ ಉಸುಕ ಸಿಗೂದಿಲ್ಲ," ಎಂದು ಗುರುಸಿದ್ಧಪ್ಪನವರು ನಿಟ್ಟುಸಿರು ಬಿಟ್ಟರು. ಪಾರಿಸನ ಹೊಲದ ಮೂಲೆಯಲ್ಲಿ ಮೃಣಾಲ ಜಿಗಿದು ಬೀಳುವ ಗುಂಡಿ, ಅವಳ ಕುಣಿ, ಇದೆ, ಅದರ ತುಂಬ ಅವಳೇ ಜರಡಿ ಹಿಡಿದ ಉಸುಕಿದೆ ಎಂಬುದು ಆಗ ಯಾರಿಗೋ ನೆನಪಾಯಿತು. ಅವಳು ಸಾಂಗಲಿಯಲ್ಲಿ ಸತ್ಕಾರ ಮಾಡಿಸಿಕೊಳ್ಳುತ್ತಿದ್ದ ಸಂಜೆ ಸಮಿತಿಯ ಟ್ರ್ಯಾಕ್ಟರ್ ಹೋಗಿ ಕುಣಿಯನ್ನು ಬಳಿದುಕೊಂಡು ಬಂತು.

ಬೆಳಿಗ್ಗೆ ಬರಿ ನೆಲ ನೋಡಿದ ಮೃಣಾಲ ನೇರ ಗುರುಸಿದ್ಧಪ್ಪನವರ ಮನೆಗೆ ಹೋದಳು. ಸಿಟ್ಟು ಬಂದರೆ ಅವಳಿಗೆ ಮರಾಠಿಯೇ ಮೊದಲು. "ಮಾಝೀ ವಾಳೂ ಕುಠೇ ಆಹೇ, ಕಾಕಾ?" ಅವರು ಕೇಳಿಸದವರಂತೆ ಚಹಾ ಕುಡಿದರು. ಅವಳು ಕನ್ನಡಕ್ಕೆ ಬಂದಳು. "ನನ್ನ ಉಸುಕ ಎಲ್ಲೈತ್ರಿ?"

"ನಿನ್ನ ಹೆಸರಿನ ಕಮಾನಕ್ಕ ಹಚ್ಚೇವಲ್ಲವ್ವಾ! ಬ್ಯಾರೆದವರ ಹೆಸರಿಗೆ ಹಚ್ಚೇವೇನು?"

"ನಾ ಎಲ್ಲಿ ಜಿಗೀಲ್ರಿ?"

"ಹೆಸರು ಆಗೇತಿ. ಇನ್ನ ಯಾಕ ಜಿಗೀತಿ?"

ಈ ಮಾತು ಕೇಳಿದ ಯಾರಿಗಾದರೂ ಮೈಯೆಲ್ಲ ಉರಿಯುತ್ತಿತ್ತು. ಅವಳು ತಿರುಗಿ ಹೊಲಕ್ಕೆ ನಡೆದಳು.

ಉದ್ಘಾಟನೆಯ ದಿನ ಮುಂಬೈಯಿಂದ ಮಂತ್ರಿಗಳು ಬಂದರು, ಹಲಗೆ ಬಾರಿಸುವವರು ಬಂದರು, ರಿಬ್ಬನ್ ಕತ್ತರಿಸಬೇಕಾದ ಮೃಣಾಲ ಬರಲಿಲ್ಲ. ಸಮಿತಿ ಹೊಲಕ್ಕೆ ಓಡಿತು. ಅವಳು ಖಾಲಿ ಕುಣಿಯಲ್ಲಿ ಕೂತಿದ್ದಳು.

"ನಡಿಯವ್ವಾ, ಸಾಹೇಬ್ರು ಕಾಯಾಕತ್ಯಾರ," ಎಂದರು ಗುರುಸಿದ್ಧಪ್ಪನವರು.

"ಉಸುಕ ಬರೂತನಾ ನಾ ಏಳಂಗಿಲ್ರಿ."

ಬೈದರು, ಕೈ ಮುಗಿದರು, ಕೊನೆಗೆ ಬೆವೆತರು. ಅವರು ಕಣ್ಣಿಟ್ಟಿದ್ದ ಜಿಲ್ಲಾ ಪರಿಷತ್ ಚುನಾವಣೆಯ ಟಿಕೀಟು ಅದೇ ಮಂತ್ರಿಗಳ ಕೈಯಲ್ಲಿತ್ತು. ಅರ್ಧ ತಾಸಿನಲ್ಲಿ ಒಂದು ಟ್ರಾಲಿ ಉಸುಕು ಬಂತು. ಎಲ್ಲಿಂದ? ಗುರುಸಿದ್ಧಪ್ಪನವರು ಕಟ್ಟಿಸುತ್ತಿದ್ದ ಹೊಸ ಮನೆಯ ಹಿತ್ತಲಿನಿಂದ. ಮುಚ್ಚಿದ್ದ ತಾಡಪತ್ರಿ ಸರಿಸಿದಾಗ ಅಲ್ಲಿ ಇನ್ನೂ ಐದಾರು ಟ್ರಾಲಿ ಇದ್ದದ್ದನ್ನು ಊರೆಲ್ಲ ನೋಡಿತು.

ಮೃಣಾಲ ಉಸುಕು ಹರವಿ ಬೂಟಿನ ದಾರ ಕಟ್ಟಿಕೊಂಡಳು. "ಕತ್ತರಿ ನೀವ ಹಿಡೀರಿ ಕಾಕಾ. ನನಗ ಜಿಗಿಯೂದೈತಿ."

ಗುರುಸಿದ್ಧಪ್ಪನವರೇ ರಿಬ್ಬನ್ ಕತ್ತರಿಸಿದರು. ಆಮೇಲೆ ಮೈಕ್ ಹಿಡಿದು, ಕ್ರೀಡೆಗಾಗಿ ತಾವು ಮಾಡಿದ ತ್ಯಾಗದ ಬಗ್ಗೆ ಮಾತಾಡಿದರು. ಅವರ ಇಡೀ ಜೀವನದಲ್ಲಿ ಆ ಒಂದು ಭಾಷಣದಲ್ಲಿ ಮಾತ್ರ ಒಂದು ಟ್ರಾಲಿ ಉಸುಕಿನಷ್ಟು ನಿಜವಿತ್ತು.