ಸೈಕಲ್ ದಾರಿಗೊಂದು ಮತದಾನ

ನಲವತ್ತೆರಡನೆಯ ವಯಸ್ಸಿನಲ್ಲಿ ಹೆಂಡತಿ ಸೈಕಲ್ ಕಲಿಯುತ್ತೇನೆಂದರೆ ಗಂಡನಾದವನು ಏನು ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. "ಮೊಣಕಾಲು ಜೋಪಾನ" ಎಂದುಬಿಟ್ಟೆ. ಎರಡು ದಿನ ಕಾಫಿ ತಣ್ಣಗೆ ಬಂತು.

ಸುಮಿತ್ರಾಳ ಆಸೆ ಹಳೆಯದು. ಮೈಸೂರಿನ ಮನೆಯಲ್ಲಿ ಸೈಕಲ್ ಅಣ್ಣನದು, ಅದನ್ನು ಒರೆಸುವ ಕೆಲಸ ಇವಳದು. ಈಗ ಗಲ್ಫಿನ ಈ ಊರಲ್ಲಿ, ಅಲ್ ಬರ್ಷಾ ಬಡಾವಣೆಯ ನಮ್ಮ ಬಾಡಿಗೆ ಕಟ್ಟಡದ ಹಿಂದೆ ಮಾಲೀಕರದೇ ಒಂದು ಮರಳ ಪಟ್ಟಿ ಸುಮ್ಮನೆ ಬಿದ್ದಿತ್ತು. ಅಲ್ಲೊಂದು ಸೈಕಲ್ ದಾರಿಯಾದರೆ ಬೆಳಗ್ಗೆ ಯಾರೂ ಏಳುವ ಮೊದಲು ನೆಮ್ಮದಿಯಾಗಿ ಬೀಳಬಹುದು ಎಂಬುದು ಅವಳ ಯೋಜನೆ. ಮಾಲೀಕರು ಒಪ್ಪಿದರು, ಆದರೆ ಬಾಡಿಗೆದಾರರೆಲ್ಲ ಒಂದು ವರ್ಷ ತಿಂಗಳಿಗಿಷ್ಟು ಹೆಚ್ಚಿಗೆ ಕೊಡಬೇಕು.

ಮೂರನೆಯ ಮಹಡಿಯ ಶೆಟ್ಟರು ಉಡುಪಿಯವರು, ಸಿಡಿದೆದ್ದರು. "ಟ್ಯಾಕ್ಸ್ ಇಲ್ಲಾಂತ ನಾವು ಈ ಊರಿಗೆ ಬಂದದ್ದು ಮಾರಾಯ್ರೆ. ಈಗ ಸೈಕಲ್ ಮೇಲೆ ಕೂರಿಸಿ ಅದನ್ನೇ ತಂದ್ರೆ ಹೇಗೆ?"

ಶೆಟ್ಟರ ಸಿಟ್ಟು ಹೊಸದೇನಲ್ಲ. ನಮ್ಮ ಹಳೆಯ ರಾಜರು ಗಾಣಕ್ಕೆ, ಮಗ್ಗಕ್ಕೆ, ಕೊನೆಗೆ ಮದುವೆಗೂ ತೆರಿಗೆ ಹಾಕಿದ್ದರಂತೆ. ಬೇಕೋ ಬೇಡವೋ ಎಂದು ಚಪ್ಪರದಡಿ ಕುಳಿತವರನ್ನು ಯಾರೂ ಕೇಳಿದಂತಿಲ್ಲ. ನಾವಾದರೂ ಕೇಳೋಣ, ಮತಕ್ಕೆ ಹಾಕೋಣ ಎಂದವನು ನಾನೇ. ಮತಕ್ಕೆ ಹಾಕಬೇಕೇ ಬೇಡವೇ ಎಂಬ ಚರ್ಚೆಗೇ ಮೂರು ಶುಕ್ರವಾರ ಹೋದವು. ಊರಿನ ಚುನಾವಣೆಗೆ ರಜೆ ಸಿಗದ, ಇಲ್ಲಿ ಮತದ ಗೊಡವೆಯೇ ಇಲ್ಲದ ನಮಗೆ ಅಷ್ಟು ಹಸಿವಿತ್ತು.

ನಿಯಮ ಬರೆದವನೂ ನಾನೇ: ಮನೆಗೊಂದು ಮತ, ಬಾಡಿಗೆ ಕರಾರಿನಲ್ಲಿ ಹೆಸರಿದ್ದವರಿಗೆ ಮಾತ್ರ. ಕರಾರಿನಲ್ಲಿದ್ದುದೆಲ್ಲ ಗಂಡಂದಿರ ಹೆಸರು.

"ದಾರಿ ಕೇಳಿದ್ದು ನಾನು, ಓಟು ಮಾತ್ರ ನಿಮ್ದೇನ್ರೀ?" ಎಂದಳು ಸುಮಿತ್ರಾ.

"ನನ್ನ ಓಟು ನಿಂದೇ ಅಲ್ವೇನೇ" ಎಂದೆ, ದೊಡ್ಡ ಉದಾರಿಯಂತೆ.

ಮತದಾನದ ದಿನ ಖರ್ಜೂರದ ಡಬ್ಬಕ್ಕೆ ಸೀಳು ಕೊಯ್ದು ಪೆಟ್ಟಿಗೆ ಮಾಡಿದೆ. ಬಂದವರ ಬೆರಳಿಗೆ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿದೆ. ಸಾಲು ಸರಿಪಡಿಸಿದೆ, ಗದರಿದೆ, ಎಣಿಸಿದೆ. ದಾರಿ ಬೇಕೆಂದವರು ಒಂಬತ್ತು, ಬೇಡವೆಂದವರು ಒಂಬತ್ತು.

"ಸಮ ಆದ್ರೆ ಪಾಸಾಗ್ಲಿಲ್ಲ ಅಂತಲೇ. ಖಲಾಸ್" ಎಂದರು ಶೆಟ್ಟರು.

ಕಟ್ಟಡದಲ್ಲಿ ಹತ್ತೊಂಬತ್ತು ಮನೆಗಳಿವೆ. ಸುಮಿತ್ರಾ ನನ್ನ ಬೆರಳು ನೋಡಿದಳು. ಅಲ್ಲಿ ಗುರುತಿರಲಿಲ್ಲ. ಮತದಾನ ನಡೆಸುವ ಸಡಗರದಲ್ಲಿ ನಾನು ಮತ ಹಾಕುವುದನ್ನೇ ಮರೆತಿದ್ದೆ. ಅವಳು ಮೇಲೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಬೆಳಗ್ಗೆ ಮಗಳ ಸೈಕಲ್ ಹಿಡಿದು ಅವಳು ನೆಲಮಾಳಿಗೆಯ ಪಾರ್ಕಿಂಗಿಗೇ ಇಳಿದಳು. ಪ್ರಾಯಶ್ಚಿತ್ತಕ್ಕೆಂದು ನಾನು ಕ್ಯಾರಿಯರ್ ಹಿಡಿದು ಹಿಂದೆ ಓಡಿದೆ. ನಾಲ್ಕನೆಯ ದಿನ "ಕೈ ಬಿಡ್ರೀ" ಎಂದಳು. ಬಿಟ್ಟೆ. ಒಬ್ಬಳೇ, ಬೆನ್ನು ನೆಟ್ಟಗೆ ಮಾಡಿಕೊಂಡು, ಎಷ್ಟು ಚೆಂದ ಹೋದಳೆಂದರೆ ನನ್ನ ಕಣ್ಣು ತುಂಬಿತು. ಹಾಗೆಯೇ ಹೋಗಿ ಶೆಟ್ಟರ ಹೊಸ ಬಿಳಿ ಕಾರಿನ ಬಾಗಿಲಿಗೆ ಗುದ್ದಿದಳು.

ಸಂಜೆ ಶೆಟ್ಟರು ನಮ್ಮ ಮನೆಯ ಗಂಟೆ ಒತ್ತಿದರು. ಕೈಯಲ್ಲಿ ಒಂದು ಕಟ್ಟು ಖಾಲಿ ಮತಚೀಟಿ.

"ಆ ದಾರಿ ಬೇಗ ಆಗ್ಬೇಕು ಮಾರಾಯ್ರೆ. ಇನ್ನೊಮ್ಮೆ ಓಟು ಮಾಡುವ."

ನಾನು ಚೀಟಿಗೆ ಕೈಚಾಚಿದೆ. ಅವರು ಕೊಡಲಿಲ್ಲ. ನನ್ನ ಭುಜದಾಚೆ ಒಳಗೆ ಇಣುಕಿದರು.

"ನಿಮ್ಗಲ್ಲ. ಅಕ್ಕ ಇದ್ದಾರಾ?"