ಕೇಕ್ ಡಬ್ಬದವನಿಗೆ ಬಾಗಿಲು ತೆಗೆದದ್ದು

ಹೆಬ್ಬಾಳದ ನಮ್ಮ ಆಫೀಸಿನಲ್ಲಿ ನನ್ನ ಕೆಲಸ, ಎಂಥ ಸ್ವಭಾವದವರು ಎಂಥ ಸೈಬರ್ ಮೋಸಕ್ಕೆ ಬೀಳುತ್ತಾರೆ ಅಂತ ಉಳಿದವರಿಗೆ ಸ್ಲೈಡ್ ಹಾಕಿ ಹೇಳುವುದು. ಯಾರ ಮಾತೂ ಕೇಳದ ಜಗಳಗಂಟರಿಗೆ ಅಪಾಯ ಅಂತ ಕೆಂಪು ಬಣ್ಣ ಬಳಿದಿದ್ದೆ; ಬಳಿಯುವಾಗ ಮನಸ್ಸಿನಲ್ಲಿದ್ದದ್ದು ಕೋಗಿಲು ಕಡೆಯಿಂದ ಬರುವ ಹೌಸ್‌ಕೀಪಿಂಗ್ ಗೌರಮ್ಮ. ಸಂಕೋಚದವರಿಗೆ ಹಸಿರು. ನಾನೂ ಆ ಪೈಕಿ.

ನನ್ನ ಕೆಲಸ ಖಾಯಂ ಆಗಬೇಕಿದ್ದ ವಾರ, ಸರ್ವರ್ ಇರುವ ಮಹಡಿಯ ಬಾಗಿಲಲ್ಲಿ ಒಬ್ಬ ಎರಡೂ ಕೈಯಲ್ಲಿ ಕೇಕ್ ಡಬ್ಬ ಹಿಡಿದು ನಿಂತಿದ್ದ.

"ಸ್ವಲ್ಪ ಬಾಗಿಲು ತೆಗೀತೀರಾ ಮೇಡಂ? ಮ್ಯಾನೇಜರ್ ಬರ್ತ್‌ಡೇ."

ಗುರುತಿನ ಕಾರ್ಡ್ ಕೇಳಬೇಕಿತ್ತು. ಕೇಳಿದರೆ ಬೇಜಾರು ಮಾಡ್ಕೋತಾನೇನೋ ಅನ್ನಿಸಿತು. ಬಾಗಿಲಿನ ಯಂತ್ರಕ್ಕೆ ನನ್ನ ಕಾರ್ಡ್ ತೋರಿಸಿ, ಬಾಗಿಲು ಹಿಡಿದು, ಮೇಲಿಂದ ಸಾರಿ ಅಂತಲೂ ಅಂದೆ. ಕಾನ್ವೆಂಟಿನಲ್ಲಿ ಕಲಿತದ್ದು ಅಷ್ಟೇ.

ಒಳಗೆ ನೆಲ ಒರೆಸುತ್ತಿದ್ದ ಗೌರಮ್ಮ ಕೋಲು ಅಡ್ಡ ಹಿಡಿದರು. "ಯಾರಪ್ಪ ನೀನು? ಕಾರ್ಡ್ ಎಲ್ಲೈತೆ?"

"ಮ್ಯಾನೇಜರ್ ಬರ್ತ್‌ಡೇ ಅಮ್ಮ..."

"ಅವರ್ದು ಓದ್ ತಿಂಗಳೇ ಆಯ್ತು. ತಟ್ಟೆ ತೊಳ್ದೋಳು ನಾನು. ನಡಿ ಆಚೆ."

ಅವನು ನಗುತ್ತಾ ಡಬ್ಬ ತೆರೆದ. ಖಾಲಿ. ನಮ್ಮನ್ನು ಪರೀಕ್ಷಿಸಲು ಕಂಪನಿಯೇ ಕಳಿಸಿದ್ದ ಮನುಷ್ಯ. ವರದಿಯಲ್ಲಿ ನನ್ನನ್ನು ಅತ್ಯಂತ ಸೌಜನ್ಯದ ಉದ್ಯೋಗಿ ಅಂತ ಬರೆದಿದ್ದ. ಆ ಹೊಗಳಿಕೆಯ ಬಲದಿಂದಲೇ ನನ್ನ ಪ್ರೊಬೇಷನ್ ಇನ್ನೂ ಮೂರು ತಿಂಗಳು ಬೆಳೆಯಿತು.

ಈಗ ದಿನಾ ಬೆಳಿಗ್ಗೆ ಗೌರಮ್ಮ ನನ್ನ ಕಾರ್ಡನ್ನೂ ಕೇಳುತ್ತಾರೆ. ಕೇಳುವ ಅಧಿಕಾರ ಸೆಕ್ಯೂರಿಟಿಯವರಿಗೆ ಮಾತ್ರ ಅಂತ ನಿಯಮವಿದೆ, ಆ ಸ್ಲೈಡ್ ಮಾಡಿದವಳೂ ನಾನೇ. ಆದರೂ ತೋರಿಸುತ್ತೇನೆ. ಇಲ್ಲ ಅನ್ನಲು ನನಗೆಲ್ಲಿ ಬರುತ್ತೆ?