ಚಿತ್ರಕ್ಕೆ ಬೆನ್ನು ಮಾಡಿ ನಿಂತ ಜಯಂತಿ

ಬೆಳಗಿನ ಏಳೂವರೆ. ಮ್ಯಾನ್‌ಹಟನ್ನಿನ ಆ ಹೆಸರಾಂತ ಮ್ಯೂಸಿಯಂ ತೆರೆಯಲು ಇನ್ನೂ ಎರಡೂವರೆ ಗಂಟೆ ಇದೆ. ಐನೂರು ವರ್ಷ ಹಿಂದಿನ ಇಟಲಿಯ ರಿನೈಸಾನ್ಸ್ ಚಿತ್ರಗಳಿರುವ ಕೋಣೆಯಲ್ಲಿ ಜಯಂತಿ ಪುಟ್ಟ ಟಾರ್ಚ್ ಹಿಡಿದು ಒಂದೊಂದೇ ಚೌಕಟ್ಟಿನ ಮೂಲೆ ನೋಡುತ್ತಾ ನಡೆಯುತ್ತಾರೆ. ನಿನ್ನೆ ಇಲ್ಲದ ಗೀರು ಇಂದು ಕಂಡರೆ ಬರೆದಿಡಬೇಕು. ಕೊನೆಗೆ, ಮಗುವನ್ನು ಎತ್ತಿಕೊಂಡ ಮೇರಿಯಮ್ಮನ ದೊಡ್ಡ ಚಿತ್ರದ ಬಳಿ ಬಂದು, ಬೂಟಿನ ಲೇಸು ಬಿಗಿದು, ಅದಕ್ಕೆ ಬೆನ್ನು ಮಾಡಿ ನಿಲ್ಲುತ್ತಾರೆ. ಇನ್ನು ಸಂಜೆಯವರೆಗೆ ಅವರ ಜಾಗ ಅದೇ.

"ಚಿತ್ರ ನೋಡುವುದು ನನ್ನ ಕೆಲಸ ಅಲ್ಲ ಮಾರಾಯ್ರೆ. ಜನರ ಕೈ ನೋಡುವುದು. ಯಾರ ಕೈ ಯಾವಾಗ ಮುಂದೆ ಬರ್ತದೆ ಹೇಳ್ಲಿಕ್ಕಾಗುದಿಲ್ಲ" ಎನ್ನುತ್ತಾರೆ.

ಈ ಚಿತ್ರ ನೋಡಲು ನಾನೇ ಹತ್ತು ಸಲ ಬಂದಿದ್ದೇನೆ. ಪಕ್ಕದಲ್ಲಿ ನಿಂತಿದ್ದ ಕಾವಲುಗಾರ್ತಿ ಕನ್ನಡದವರೆಂದು ಒಮ್ಮೆಯೂ ಗೊತ್ತಾಗಲಿಲ್ಲ. ಮುಖ ನೋಡಿದ್ದರೆ ತಾನೇ! ಈಗ ನೆನೆದರೆ ನಾಚಿಕೆಯಾಗುತ್ತದೆ.

ಮಲ್ಪೆ ಕಡಲ ಬದಿಯ ಜಯಂತಿಗೆ ಈಗ ಅರವತ್ತೊಂದು. ಜ್ಯಾಕ್ಸನ್ ಹೈಟ್ಸ್‌ನಿಂದ ಬೆಳಿಗ್ಗೆ ಆರರ ಟ್ರೇನ್ ಹಿಡಿಯುತ್ತಾರೆ. ದಿನಕ್ಕೆ ಎಂಟು ಗಂಟೆ ನಿಂತೇ ಇರಬೇಕು, ಹನ್ನೊಂದು ವರ್ಷದಿಂದ. ಕೋಣೆಯ ನಡುವೆ ಬೆಂಚು ಇದೆ, ಅದು ನೋಡಲು ಬಂದವರಿಗೆ. ಮಂಡಿ ಊದಿಕೊಳ್ಳುತ್ತದೆ. "ಸ್ಟೆಪ್ ಬ್ಯಾಕ್ ಪ್ಲೀಸ್" ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತೀರಿ ಎಂದರೆ ನಗುತ್ತಾರೆ. "ನೂರೈವತ್ತು ಇರಬಹುದು. ರಜೆ ದಿನ ಹೆಚ್ಚು."

ಗಂಡ ಶೀನ ಎಪ್ಪತ್ನಾಲ್ಕನೇ ಬೀದಿಯ ಹೋಟೆಲೊಂದರಲ್ಲಿ ಅಡುಗೆಗಿದ್ದವರು. ಅವರಿಗೆ ಬುಧವಾರ ರಜೆ, ಮ್ಯೂಸಿಯಂ ಬಾಗಿಲು ಮುಚ್ಚುವುದೂ ಬುಧವಾರವೇ. ಹೆಂಡತಿ ಕಾಯುವ ಚಿತ್ರವನ್ನು ಅವರು ನೋಡಲೇ ಇಲ್ಲ. "ಇನ್ನೂ ಟೈಮ್ ಉಂಟಲ್ಲ ಅಂತ ನಾವೂ ಅಸಡ್ಡೆ ಮಾಡಿದೆವು" ಎನ್ನುವಾಗ ಜಯಂತಿಯ ದನಿ ಇಳಿಯುತ್ತದೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಶೀನರ ಬಲಗಣ್ಣನ್ನು ಪೂರ್ತಿ ತಿಂದಿತು. ಎಡಗಣ್ಣಿನಲ್ಲಿ ಗೇಣು ದೂರದ್ದು ಮಾತ್ರ, ಅದೂ ಮಸುಕು ಮಸುಕಾಗಿ ಕಾಣುತ್ತದೆ. ಬರುವ ಮಂಗಳವಾರ ಅದಕ್ಕೆ ಆಪರೇಷನ್. ಡಾಕ್ಟರು ಗ್ಯಾರಂಟಿ ಕೊಟ್ಟಿಲ್ಲ. ಅದಕ್ಕೆ ಮೊದಲು ಆ ಚಿತ್ರ ನೋಡಬೇಕೆಂದು ಶೀನ ಹಟ ಹಿಡಿದರು.

ಪ್ರಿನ್ಸ್‌ಟನ್‌ನಲ್ಲಿರುವ ಮಗಳು ಅಮಿತಾಗೆ ಬಿಡುವಿದ್ದದ್ದು ಕಳೆದ ಭಾನುವಾರ ಮಾತ್ರ. ಅಂದು ಜಯಂತಿಗೆ ಡ್ಯೂಟಿ. ಮುಂದಿನದನ್ನು ಅವರು ಊಟದ ಡಬ್ಬಿ ಮುಂದಿಟ್ಟುಕೊಂಡು, ತುತ್ತು ಎತ್ತದೆ ಹೇಳುತ್ತಾರೆ.

"ಮಗಳ ಕೈ ಹಿಡ್ಕೊಂಡು ಬಂದ್ರು. ಏನೂ ಕಾಣ್ಲಿಲ್ಲ. ಬಗ್ಗಿ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋದ್ರು. ಕೋಣೆ ತುಂಬ ಜನ. ನನ್ನ ಬಾಯಿಂದ ಬಂದೇ ಬಿಟ್ಟಿತು, ಸರ್, ಸ್ಟೆಪ್ ಬ್ಯಾಕ್ ಪ್ಲೀಸ್. ಅಮಿತಾ, 'ಅಮ್ಮಾ, ಜಸ್ಟ್ ದಿಸ್ ಒನ್ಸ್' ಅಂದ್ಲು. ಹೇಗೆ ಬಿಡುದು ಹೇಳಿ? ಬೇರೆಯವರ ಗಂಡನನ್ನು ಬಿಡ್ತೇನಾ ನಾನು? ಇವರು ಪಾಪ, 'ಆಯ್ತು ಮೇಡಂ' ಅಂತ ನಗಾಡಿ ಹಿಂದೆ ಬಂದ್ರು."

ಹಿಂದೆ ಸರಿದ ಶೀನ ಕೇಳಿದ್ದು ಒಂದೇ: "ಮೇರಿಯಮ್ಮನ ಸೀರೆ ಯಾವ ಬಣ್ಣದ್ದು ಜಯಂತಿ?"

ಜಯಂತಿಗೆ ಅದು ಗೊತ್ತಿರಲಿಲ್ಲ. "ಬೆಳಿಗ್ಗೆ ಟಾರ್ಚ್ ಹಾಕಿ ನೋಡುವುದು ಗೀರು ಉಂಟಾ ಅಂತ. ಬಣ್ಣ ಯಾರು ನೋಡ್ತಾರೆ? ಜನರಿಗೆ ಬೆನ್ನು ಹಾಕಿ ತಿರುಗಿದೆ. ಡ್ಯೂಟಿಯಲ್ಲಿ ಅದೇ ಮೊದಲು. ನೀಲಿ ಅಂದೆ. ಎಂಥ ನೀಲಿ ಅಂತ ಕೇಳಿದ್ರು. ಮಲ್ಪೆಯಲ್ಲಿ ಬೋಟಿಗೆ ಹೊಸ ಪೈಂಟ್ ಹೊಡೀತಾರಲ್ಲ, ಆ ನೀಲಿ. ಮಗು ಕೂತಲ್ಲಿ ಸ್ವಲ್ಪ ಮಾಸಿದೆ ಅಂದೆ. ಹೌದಾ ಅಂದ್ರು. ಆಮೇಲೆ ತುಂಬ ಹೊತ್ತು ಅಲ್ಲೇ ನಿಂತ್ರು."

ಊಟದ ಹೊತ್ತು ಮುಗಿಯುತ್ತದೆ. ಅರ್ಧ ಅನ್ನ ಉಳಿದ ಡಬ್ಬಿಯ ಮುಚ್ಚಳ ಹಾಕಿ, ಮಂಡಿಗೆ ಕೈಯೂರಿ ಜಯಂತಿ ಏಳುತ್ತಾರೆ. ಏನಾಸೆ ನಿಮಗೆ ಎಂದು ಕೇಳುತ್ತೇನೆ.

"ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ಒಂದು ದಿನ ರಜೆ ಹಾಕಿ, ಯೂನಿಫಾರ್ಮ್ ಇಲ್ಲದೆ, ಅವರನ್ನು ಕರ್ಕೊಂಡು ಬರಬೇಕು. ಆ ಬೆಂಚಿನ ಮೇಲೆ ಕೂತು ನೋಡಿ, 'ಎಂತ ಜಯಂತಿ, ಇದು ಆ ನೀಲಿ ಅಲ್ವೇ ಅಲ್ಲ' ಅಂತ ಅವರು ನನ್ನನ್ನು ಬೈಬೇಕು. ಅಷ್ಟು ಸಾಕು."